ವರದಿಯಲ್ಲಿ ನೀರು ಚೆನ್ನಾಗಿದೆ, ಕೆರೆಯಲ್ಲಿ ಮೀನು ಸಾಯುತ್ತಿವೆ!

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದ ಆವರಣದೊಳಗೆ ಸುಮಾರು ನೂರು ಎಕರೆಯ ಹಳೇ ಕೆರೆ ಇದೆ. ವಿಭಾಗದವರು ವರ್ಷಕ್ಕೆ ಎರಡು ಸಲ ನೀರು ಪರೀಕ್ಷೆ ಮಾಡುತ್ತಾರೆ. ಕರಗಿದ ಆಮ್ಲಜನಕ ಲೀಟರಿಗೆ 9–10 ಮಿಲಿಗ್ರಾಂ ಇದೆ, ನೀರು ಚೆನ್ನಾಗಿದೆ ಎಂದೇ ವರದಿ ಬರುತ್ತದೆ. ಆದರೂ ಎರಡು ವರ್ಷದಿಂದ ಏಪ್ರಿಲ್-ಮೇ ತಿಂಗಳಲ್ಲಿ ಮೀನು ಸತ್ತು ತೇಲುತ್ತಿವೆ. ಕೆರೆಯ ಮೇಲೆ ಕಾಯಂ ನಿಗಾ ಇಡಲು ಒಂದು ತಂಡ ಕಟ್ಟಿ ಎಂದು ಈಗ ಹೇಳಿದ್ದಾರೆ. ಏನನ್ನು, ಎಲ್ಲಿ, ಎಷ್ಟು ಸಲ ಅಳೆಯಬೇಕು? ಅಳೆದ ಮಾತ್ರಕ್ಕೆ ಕೆರೆ ಉಳಿಯುತ್ತದೆಯೇ?

ಉತ್ತರ: ಆ ವರದಿಯಲ್ಲಿ ನೀರು ತೆಗೆದದ್ದು ಎಷ್ಟು ಗಂಟೆಗೆ ಎಂದು ಬರೆದಿದೆಯೇ, ಮೊದಲು ನೋಡಿ. ಬಹುಶಃ ಬರೆದಿರುವುದಿಲ್ಲ. ತರಗತಿ ಮುಗಿಸಿ, ಬಾಟಲಿ ಹುಡುಕಿ, ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವಾಗ ಹನ್ನೊಂದು ಗಂಟೆಯಾದರೂ ಆಗಿರುತ್ತದೆ. ಹಸಿರುಗಟ್ಟಿದ ಕೆರೆಯಲ್ಲಿ ಆ ಹೊತ್ತಿಗೆ ಪಾಚಿ ಬಿಸಿಲು ಹೀರಿ ಆಮ್ಲಜನಕ ಉಗುಳುತ್ತಿರುತ್ತದೆ. ಮೈಸೂರಿನಷ್ಟು ಎತ್ತರದ ಊರಿನಲ್ಲಿ 25 ಡಿಗ್ರಿ ಬಿಸಿಯ ಶುದ್ಧ ನೀರು ಗಾಳಿಯಿಂದ ಹೀರಿಕೊಂಡು ಇಟ್ಟುಕೊಳ್ಳಬಲ್ಲ ಆಮ್ಲಜನಕವೇ ಲೀಟರಿಗೆ ಸುಮಾರು 7.5 ಮಿಲಿಗ್ರಾಂ. ನಿಮ್ಮದು 9–10 ಇದೆ ಎಂದರೆ ಅದನ್ನು ಕೆರೆಗೆ ಜ್ವರ ಬಂದಿದೆ ಎಂದೇ ಓದಿಕೊಳ್ಳಬೇಕು. ಹಗಲಲ್ಲಿ ಉಗುಳಿದ ಅದೇ ಪಾಚಿ ರಾತ್ರಿಯಿಡೀ ಆಮ್ಲಜನಕ ಉಸಿರಾಡುತ್ತದೆ. ಬೆಳಗಿನ ಜಾವ ಐದೂವರೆ-ಆರಕ್ಕೆ ಅದೇ ಜಾಗದಲ್ಲಿ ಅಳೆದರೆ 2 ಅಥವಾ 1 ಸಿಕ್ಕರೆ ಆಶ್ಚರ್ಯವಿಲ್ಲ. ಮೀನು ಸಾಯುವುದು ಆಗ. ನೀವು ನೋಡುವುದು ಎಂಟು ಗಂಟೆಗೆ.

ಏಪ್ರಿಲ್-ಮೇ ತಿಂಗಳೇ ಯಾಕೆ ಎಂದರೆ, ನೀರು ತಗ್ಗಿರುತ್ತದೆ, ಬಿಸಿಯಾಗಿರುತ್ತದೆ, ಪಾಚಿ ದಟ್ಟವಾಗಿರುತ್ತದೆ. ಅಷ್ಟರಲ್ಲಿ ಒಂದು ದಿನ ಮೋಡ ಕವಿದು ಮುಂಗಾರುಪೂರ್ವ ಮಳೆ ಬೀಳುತ್ತದೆ. ಚರಂಡಿಯಲ್ಲಿ ನಾಲ್ಕು ತಿಂಗಳು ಕೊಳೆತದ್ದೆಲ್ಲ ಒಂದೇ ಸಲ ಕೆರೆಗೆ ನುಗ್ಗುತ್ತದೆ, ಗಾಳಿಗೆ ತಳದ ಕಪ್ಪು ಹೂಳು ಮೇಲೇಳುತ್ತದೆ, ಮೋಡದಿಂದಾಗಿ ಪಾಚಿಗೆ ಬಿಸಿಲು ಸಿಗುವುದಿಲ್ಲ. ಮೂರೂ ಕೂಡಿದ ರಾತ್ರಿ ಆಮ್ಲಜನಕ ತಳ ಮುಟ್ಟುತ್ತದೆ.

ಸತ್ತ ಮೀನೇ ಸ್ವಲ್ಪ ಮಟ್ಟಿಗೆ ಕಾರಣ ಹೇಳುತ್ತದೆ. ಆಮ್ಲಜನಕ ಸಾಲದೆ ಸತ್ತಿದ್ದರೆ ಕಾಟ್ಲಾ, ರೋಹು ಮುಂತಾದ ದೊಡ್ಡ ಮೀನುಗಳು ಮೊದಲು ಹೋಗುತ್ತವೆ. ಬಾಯಿ ತೆರೆದಿರುತ್ತದೆ, ಕಿವಿರು ಅಗಲಿಸಿರುತ್ತದೆ. ಗಾಳಿಯನ್ನೇ ಗುಟುಕರಿಸಬಲ್ಲ ಕೊರವ, ಚೇಳುಮೀನು ಉಳಿದಿರುತ್ತವೆ. ಅವೂ ಸತ್ತಿದ್ದರೆ, ಅಥವಾ ಮಟಮಟ ಮಧ್ಯಾಹ್ನ ಸಾವು ಶುರುವಾಗಿದ್ದರೆ, ವಿಷದ ನೀರನ್ನೋ ಅಮೋನಿಯಾವನ್ನೋ ಶಂಕಿಸಿ. ಅಮೋನಿಯಾದ ಆಟ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಮೇಲೆ ನಿಂತಿದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ಮುಕ್ತ ರೂಪದ್ದು ಶೇ. 1ಕ್ಕಿಂತ ಕಡಿಮೆ. ಪಿಎಚ್ 8ರಲ್ಲಿ ಸುಮಾರು ಶೇ. 5, 9ರಲ್ಲಿ ಶೇ. 36. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ ಪಿಎಚ್ 9 ದಾಟುವುದು ಸಾಮಾನ್ಯ. ಹಾಗಾಗಿ ಪಿಎಚ್ ಮತ್ತು ತಾಪಮಾನ ಬರೆಯದ ಅಮೋನಿಯಾ ಅಂಕಿ ಇದ್ದೂ ಇಲ್ಲದಂತೆ.

ಇಷ್ಟರಿಂದ ಮೊದಲ ನಿಯಮ ಸಿಕ್ಕಿತು. ಹದಿನೈದು ದಿನಕ್ಕೊಮ್ಮೆ, ಒಂದೇ ದಿನ, ಎರಡು ಹೊತ್ತು ಅಳೆಯಿರಿ: ಸೂರ್ಯ ಹುಟ್ಟುವ ಮೊದಲು ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ. ಎರಡರ ನಡುವಿನ ಅಂತರವೇ ಕೆರೆಯ ಆರೋಗ್ಯದ ಸೂಚಿ. ಹಣವಿದ್ದರೆ ಬೆಳಕಿನಿಂದ ಅಳೆಯುವ ಆಮ್ಲಜನಕ ಸೆನ್ಸರನ್ನು ತೂಬಿನ ಬಳಿ ಕಟ್ಟಿ ಅರ್ಧ ಗಂಟೆಗೊಮ್ಮೆ ದಾಖಲಾಗುವಂತೆ ಮಾಡಿ. ಆದರೆ ಇಂಥ ಕೆರೆಯಲ್ಲಿ ಒಂದೇ ವಾರದಲ್ಲಿ ಅದರ ಕಣ್ಣಿಗೆ ಲೋಳೆ ಕಟ್ಟುತ್ತದೆ. ವಾರಕ್ಕೊಮ್ಮೆ ಒರೆಸಲು ಒಬ್ಬರನ್ನು ಹೆಸರು ಹಿಡಿದು ನೇಮಿಸದಿದ್ದರೆ ಅದನ್ನು ಕೊಳ್ಳಲೇಬೇಡಿ. ಮೂರು ತಿಂಗಳ ಸುಳ್ಳು ಅಂಕಿಗಿಂತ ಅಂಕಿ ಇಲ್ಲದಿರುವುದೇ ವಾಸಿ.

ಸೆನ್ಸರ್ ಸರಿಯಿದೆಯೇ ಎಂದು ನೋಡಲು, ರಾಸಾಯನಿಕಗಳಿಂದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನ ಇಂದಿಗೂ ಬೇಕು. 300 ಮಿ.ಲೀ. ಬಿಒಡಿ ಬಾಟಲಿಯನ್ನು (ಬಿಒಡಿ ಎಂದರೆ ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ) ಗುಳ್ಳೆ ಬಾರದಂತೆ ತುಂಬಿಸಿ. ಮ್ಯಾಂಗನೀಸ್ ಸಲ್ಫೇಟ್ 1 ಮಿ.ಲೀ., ಕ್ಷಾರ-ಅಯೋಡೈಡ್-ಅಜೈಡ್ 1 ಮಿ.ಲೀ., ಎರಡನ್ನೂ ಪಿಪೆಟ್ಟಿನ ತುದಿ ನೀರಿನೊಳಗೆ ಮುಳುಗಿಸಿ ಬಿಡಿ. ಮುಚ್ಚಳ ಹಾಕಿ ತಲೆಕೆಳಗು ಮಾಡುತ್ತ ಕಲಸಿ. ಕಂದು ಗಸಿ ಬಂದರೆ ಆಮ್ಲಜನಕ ಇದೆ. ಗಸಿ ಬಿಳಿಯಾಗಿಯೇ ಉಳಿದರೆ ಇಲ್ಲವೆಂದೇ ಅರ್ಥ. ಅದನ್ನು ಏರಿಯ ಮೇಲೆ ನಿಂತೇ ನೋಡಬಹುದು. ಗಸಿ ಅರ್ಧ ಬಾಟಲಿಗೆ ಇಳಿದ ಮೇಲೆ 1 ಮಿ.ಲೀ. ಗಂಧಕಾಮ್ಲ ಹಾಕಿ ಕರಗಿಸಿ, 201 ಮಿ.ಲೀ. ಅಳೆದುಕೊಂಡು 0.025 ನಾರ್ಮಲ್ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿ. ಬಣ್ಣ ತಿಳಿ ಹಳದಿಯಾದಾಗ ಪಿಷ್ಟ ಹಾಕಿ, ನೀಲಿ ಹೋಗುವವರೆಗೆ ಮುಂದುವರಿಸಿ. ಖರ್ಚಾದ ಒಂದೊಂದು ಮಿ.ಲೀ. ಥಯೋಸಲ್ಫೇಟಿಗೆ ಲೀಟರಿಗೆ ಒಂದೊಂದು ಮಿಲಿಗ್ರಾಂ ಆಮ್ಲಜನಕ. 200ರ ಬದಲು 201 ಯಾಕೆಂದರೆ ಮೊದಲು ಹಾಕಿದ 2 ಮಿ.ಲೀ. ರಾಸಾಯನಿಕ ಅಷ್ಟೇ ನೀರನ್ನು ಹೊರಗೆ ತಳ್ಳಿರುತ್ತದೆ. ಮಿಕ್ಕ ಅಜೈಡ್ ದ್ರಾವಣವನ್ನು ಸಿಂಕಿಗೆ ಚೆಲ್ಲಬೇಡಿ. ಸೀಸ, ತಾಮ್ರದ ಕೊಳವೆಯಲ್ಲಿ ಅದು ಸಿಡಿಯಬಲ್ಲ ಲವಣವಾಗಿ ಕೂರುತ್ತದೆ.

ಇನ್ನು ಎಲ್ಲಿ ಅಳೆಯಬೇಕು ಎಂಬುದು. ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ. ವಿಶ್ವವಿದ್ಯಾಲಯಗಳ ಕೆರೆ ಅಧ್ಯಯನಗಳಲ್ಲಿ ಬಹುಪಾಲು ಕೆರೆಯ ನೀರಿನ ಅಧ್ಯಯನಗಳು. ಆದರೆ ಕೆರೆಯ ಹಣೆಬರಹ ನಿರ್ಧಾರವಾಗುವುದು ಕಾಲುವೆಯ ಬಾಯಲ್ಲಿ. ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನೇ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿದ್ದು. ಇಂದು ಮಾನಸಗಂಗೋತ್ರಿಯ ಮಗ್ಗುಲಲ್ಲಿ, ಮೈಸೂರು ವಿಶ್ವವಿದ್ಯಾಲಯದ ಸುಪರ್ದಿನಲ್ಲಿದೆ. ಅದಕ್ಕೆ ಮಳೆನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಒತ್ತುವರಿಗೆ ಸಿಕ್ಕಿ ತುಂಡಾಯಿತು, ಜಲಾನಯನದಲ್ಲಿ ಬಡಾವಣೆಗಳು ಎದ್ದವು. ಒಳ್ಳೆಯ ನೀರಿನ ದಾರಿ ಮುಚ್ಚಿ, ಕೊಳಚೆಯ ದಾರಿ ತೆರೆದಾಗ ಕೆರೆ ಏನಾಗುತ್ತದೋ ಅದೇ ಅಲ್ಲೂ ಆಯಿತು. ಹೆಜ್ಜಾರ್ಲೆಗಳು ಬರುತ್ತಿವೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಹಸಿರುಗಟ್ಟಿದ ನೀರಿನಲ್ಲಿ ಜಿಲೇಬಿ ಮೀನು ಹೆಚ್ಚಿದರೂ ಹೆಜ್ಜಾರ್ಲೆ, ನೀರುಕಾಗೆಗಳಿಗೆ ಹಬ್ಬವೇ.

ಆದ್ದರಿಂದ ಕೆರೆಗೆ ನೀರು ಬರುವ ಪ್ರತಿಯೊಂದು ಬಾಯಿಯನ್ನೂ ಮಾರ್ಚ್ ತಿಂಗಳ ಒಣ ಹವೆಯಲ್ಲಿ ನಡೆದು ಗುರುತಿಸಿ. ಎರಡು ತಿಂಗಳಿಂದ ಮಳೆಯಿಲ್ಲ, ಆದರೂ ಹರಿಯುತ್ತಿದೆ ಎಂದರೆ ಅದು ಮಳೆನೀರಂತೂ ಅಲ್ಲ. ಅಂಥ ಕಡೆ ಹರಿವು ಅಳೆಯಲು 90 ಡಿಗ್ರಿ ವಿ-ಕಚ್ಚಿನ ತಗಡು ಸಾಕು: ಮೇಲಂಚಿನಲ್ಲಿ ಇಂಗ್ಲಿಷಿನ V ಆಕಾರಕ್ಕೆ ಕತ್ತರಿಸಿ, ಹರಿವಿಗೆ ಅಡ್ಡಲಾಗಿ ನಿಲ್ಲಿಸುವ ತಗಡು. ಸಿವಿಲ್ ಎಂಜಿನಿಯರಿಂಗ್ ವಿಭಾಗವಿದ್ದರೆ ಒಂದು ವಾರದ ಕೆಲಸ. ಸೆಕೆಂಡಿಗೆ ಎಷ್ಟು ಘನಮೀಟರ್ ಹರಿಯುತ್ತದೆ ಎಂಬುದು 1.38ನ್ನು ನೀರಿನ ಎತ್ತರದ 2.5ನೇ ಘಾತದಿಂದ ಗುಣಿಸಿದಷ್ಟು. ಎತ್ತರ ಮೀಟರಿನಲ್ಲಿರಬೇಕು. ಕಚ್ಚಿನ ಮೂಲೆಯ ಮೇಲೆ ನೀರು 10 ಸೆಂ.ಮೀ. ನಿಂತಿದೆ ಎನ್ನಿ, ಸೆಕೆಂಡಿಗೆ 4.4 ಲೀಟರ್ ಆಯಿತು. ನೋಡಲು ಏನೂ ಅಲ್ಲದ ಹರಿವು. ದಿನಕ್ಕೆ ಸುಮಾರು 3.8 ಲಕ್ಷ ಲೀಟರ್! ಕೊಳಚೆಯಲ್ಲಿ ಪಾಚಿಗೆ ಗೊಬ್ಬರವಾಗುವ ರಂಜಕ (ಫಾಸ್ಫರಸ್) ಲೀಟರಿಗೆ 5 ಮಿಲಿಗ್ರಾಂ ಎಂದು ಹಿಡಿದರೆ ದಿನಕ್ಕೆ 1.9 ಕಿಲೋ. ನಿಮ್ಮ ನೂರು ಎಕರೆ ಕೆರೆಯಲ್ಲಿ ಸರಾಸರಿ 2 ಮೀಟರ್ ನೀರಿದೆ ಎಂದುಕೊಂಡರೆ, ಲೀಟರಿಗೆ ದಿನಕ್ಕೆ ಸುಮಾರು 2.3 ಮೈಕ್ರೋಗ್ರಾಂ ಸೇರುತ್ತ ಹೋಗುತ್ತದೆ. ಲೀಟರಿಗೆ 35 ಮೈಕ್ರೋಗ್ರಾಂ ದಾಟಿದ ಕೆರೆಯನ್ನು ಅತಿಪೋಷಿತ, ಅಂದರೆ ಪೋಷಕಾಂಶ ಮಿತಿಮೀರಿ ಪಾಚಿ ಹೆಚ್ಚುವ ಕೆರೆ, ಎನ್ನುತ್ತಾರೆ. ಈ ಒಂದು ಮೋರಿಯೇ ಅಷ್ಟನ್ನು ಹದಿನೈದು ದಿನದಲ್ಲಿ ತಂದು ಸುರಿಯುತ್ತದೆ. ಒಂದಷ್ಟು ಹೂಳಿಗೆ ಇಳಿಯುತ್ತದೆ ನಿಜ, ಆದರೆ ಇಳಿದದ್ದು ಹೋಗಲಿಲ್ಲ, ಠೇವಣಿಯಾಯಿತು ಅಷ್ಟೇ.

ವಿ-ಕಚ್ಚಿನಲ್ಲಿ ಕೆಡುವುದು ಎರಡು ಕಡೆ. ನೀರಿನ ಎತ್ತರವನ್ನು ಕಚ್ಚಿನ ಮೇಲೇ ಅಳೆದರೆ ಕಡಿಮೆ ಬರುತ್ತದೆ, ಏಕೆಂದರೆ ಅಲ್ಲಿ ನೀರು ಇಳಿಜಾರಾಗಿ ಬಾಗಿರುತ್ತದೆ. ಎತ್ತರದ ನಾಲ್ಕು ಪಟ್ಟು ದೂರ ಹಿಂದಕ್ಕೆ ಅಳತೆಪಟ್ಟಿ ನಿಲ್ಲಿಸಿ. ಇನ್ನೊಂದು ನಮ್ಮ ಚರಂಡಿಗಳ ವಿಶೇಷ: ಹಾಲಿನ ಪ್ಯಾಕೆಟ್ಟೊಂದು ಕಚ್ಚಿಗೆ ಸಿಕ್ಕಿಕೊಂಡರೆ ನೀರು ಏರಿ, ಇಲ್ಲದ ಹರಿವು ತೋರಿಸುತ್ತದೆ. ಮುಂದೆ ಒಂದು ಕಂಬಿಜಾಲರಿ ಹಾಕಿ, ಓದುವ ಮೊದಲು ಕಸ ತೆಗೆದು ಹತ್ತು ನಿಮಿಷ ಕಾಯಿರಿ. ತಗಡು ಕೂರಿಸಲು ಜಾಗವೇ ಇಲ್ಲದಿದ್ದರೆ ನೇರವಾದ ಹತ್ತು ಮೀಟರ್ ಕಾಲುವೆ ಆರಿಸಿ ಒಂದು ನಿಂಬೆಹಣ್ಣು ತೇಲಿಬಿಡಿ. ವೇಗವನ್ನು ಅಡ್ಡಛೇದದ ವಿಸ್ತೀರ್ಣದಿಂದಲೂ 0.85ರಿಂದಲೂ ಗುಣಿಸಿದರೆ ಕೆಲಸಕ್ಕೆ ಸಾಕಾಗುವ ಅಂದಾಜು ಸಿಗುತ್ತದೆ.

ಒಂದು ಸಲವಾದರೂ 24 ಗಂಟೆ, ಗಂಟೆಗೊಮ್ಮೆ ಓದಿ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಏರಿ, ಮಧ್ಯರಾತ್ರಿ ಇಳಿದರೆ ಅದು ಮನೆ, ಹಾಸ್ಟೆಲುಗಳ ನೀರು. ನಿಮ್ಮದೇ ಹಾಸ್ಟೆಲ್ ಆಗಿದ್ದರೂ ಆಗಿರಬಹುದು, ಮೊದಲು ಅಲ್ಲೇ ಹುಡುಕಿ. ಮೂಲ ಪತ್ತೆಗೆ ಕೈಯಲ್ಲಿ ಹಿಡಿಯುವ ವಾಹಕತೆ ಮೀಟರ್ (ನೀರಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ಅಂಕಿ ಏರುತ್ತದೆ) ಸಾಕು: ಕಾಲುವೆಗುಂಟ ಮೇಲಕ್ಕೆ ನಡೆಯುತ್ತ ಪ್ರತಿ ಕೂಡುವೆಯಲ್ಲೂ ಅಳೆಯಿರಿ. ಅಂಕಿ ದಿಢೀರನೆ ಎಲ್ಲಿ ಜಿಗಿಯುತ್ತದೋ ಅದರ ಮೇಲಿನ ಮ್ಯಾನ್‌ಹೋಲನ್ನು ತೆಗೆಸಿ ನೋಡಿ. ಅನುಮಾನ ಉಳಿದರೆ, ಬಿಳುಪು ಮಾಡದ ಹತ್ತಿಯ ತುಂಡನ್ನು ಜಾಲರಿಯಲ್ಲಿಟ್ಟು ಮೂರ್ನಾಲ್ಕು ದಿನ ಮೋರಿಯಲ್ಲಿ ಕಟ್ಟಿಬಿಡಿ. ತೊಳೆದು ಒಣಗಿಸಿ ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದಾಗ ನೀಲಿ ಮಿನುಗಿದರೆ ಬಟ್ಟೆ ಒಗೆಯುವ ಪುಡಿಯ ನೀರು ಸೇರುತ್ತಿದೆ ಎಂದರ್ಥ. ಅಂಗಡಿಯ ಬಿಳಿ ಹತ್ತಿ ಮೊದಲೇ ಮಿನುಗುತ್ತದೆ, ಅದು ಬೇಡ.

ಕೆರೆಯೊಳಗಿನ ಪಟ್ಟಿ ಚಿಕ್ಕದಿರಲಿ. ಪ್ರತಿ ಒಳಹರಿವಿನ ಬಾಯಿ, ತೂಬಿನ ಬಳಿಯ ಆಳದ ಜಾಗ, ನಡುಗೆರೆ, ಕೋಡಿ. ಎಲ್ಲಕ್ಕೂ ಜಿಪಿಎಸ್ ಗುರುತು ಹಾಕಿ, ಮೂರು ವರ್ಷ ಬದಲಿಸಬೇಡಿ. ದಡದಿಂದ ಬಾಗಿ ಮೊಗೆದ ನೀರು ಕೆರೆಯ ನೀರಲ್ಲ. ಗಾಳಿ ಬೀಸುವ ಕಡೆ ಪಾಚಿಯ ಕೆನೆ ಒತ್ತರಿಸಿಕೊಂಡಿರುತ್ತದೆ, ಇನ್ನೊಂದು ದಡ ತಿಳಿಯಾಗಿರುತ್ತದೆ. ಹರಿಗೋಲಾದರೂ ಸರಿ, ಒಳಗೆ ಹೋಗಿ. ಅಲ್ಲೇ ಪಾರದರ್ಶಕತೆ ನೋಡಿ: 20 ಸೆಂ.ಮೀ. ಅಗಲದ ಕಪ್ಪು-ಬಿಳುಪು ಸೆಕಿ ತಟ್ಟೆಯನ್ನು ನೆರಳಿನ ಬದಿಯಲ್ಲಿ ಇಳಿಸಿ, ಮರೆಯಾದ ಆಳ, ಎಳೆದಾಗ ಮತ್ತೆ ಕಂಡ ಆಳ, ಎರಡರ ಸರಾಸರಿ ಬರೆದುಕೊಳ್ಳಿ. ಕಾರ್ಲ್‌ಸನ್ ಪೋಷಣಾ ಸೂಚ್ಯಂಕದಲ್ಲಿ 1 ಮೀಟರ್ ಎಂದರೆ 60. ಆಳ ಅರ್ಧಕ್ಕಿಳಿದಾಗಲೆಲ್ಲ ಹತ್ತು ಏರುತ್ತದೆ: ಅರ್ಧ ಮೀಟರಿಗೆ 70, ಕಾಲು ಮೀಟರಿಗೆ 80. 50 ದಾಟಿದರೇ ಅತಿಪೋಷಿತ. ನೂರು ರೂಪಾಯಿಯ ತಟ್ಟೆ ಹೇಳುವಷ್ಟು ಸತ್ಯವನ್ನು ಎಷ್ಟೋ ದುಬಾರಿ ಯಂತ್ರಗಳು ಹೇಳುವುದಿಲ್ಲ. ಒಂದೇ ಎಚ್ಚರ, ಮಳೆಗಾಲದ ಕೆಂಪು ಕೆಸರಿನ ನೀರಿಗೆ ಈ ಲೆಕ್ಕ ಹೊಂದುವುದಿಲ್ಲ.

ಪ್ರಯೋಗಾಲಯಕ್ಕೆ ಬಂದರೆ, ರಂಜಕದ ಪರೀಕ್ಷೆಯಲ್ಲಿ ತಪ್ಪು ನುಸುಳುವುದು ಬಾಟಲಿ ತೊಳೆಯುವಾಗ. ಸೋಪಿನ ಪುಡಿಯಲ್ಲೇ ಫಾಸ್ಫೇಟ್ ಇರಬಹುದು. ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಬಟ್ಟಿ ಇಳಿಸಿದ ನೀರಲ್ಲಿ ಜಾಲಿಸಿ, ಆ ಬಾಟಲಿಗಳನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಕರಗಿದ ರಂಜಕ ಬೇಕಿದ್ದರೆ ಕೆರೆಯ ದಡದಲ್ಲೇ 0.45 ಮೈಕ್ರಾನ್ ಶೋಧಕದಲ್ಲಿ ಸೋಸಿ, ಐಸ್ ಡಬ್ಬಿಯಲ್ಲಿಟ್ಟು ತನ್ನಿ. ಬಿಸಿಲಲ್ಲಿ ಎರಡು ಗಂಟೆ ಕಾರಿನಲ್ಲಿಟ್ಟರೆ ಬಾಟಲಿಯೊಳಗಿನ ಪಾಚಿಯೇ ಅದನ್ನು ತಿಂದಿರುತ್ತದೆ. ಬಿಒಡಿಯನ್ನು ನಮ್ಮಲ್ಲಿ 27 ಡಿಗ್ರಿಯಲ್ಲಿ 3 ದಿನ ಇಡುತ್ತಾರೆ, ಹಳೆಯ ಪ್ರಬಂಧಗಳಲ್ಲಿ 20 ಡಿಗ್ರಿಯಲ್ಲಿ 5 ದಿನ, ಯಾವುದೆಂದು ಬರೆಯಿರಿ. ಪಾಚಿಯಿರುವ ನೀರನ್ನು ಪೂರ್ತಿ ಕತ್ತಲಲ್ಲೇ ಇಡಬೇಕು. ಹತ್ತು ಮಾದರಿಗೊಂದು ಜೋಡಿ ಮಾದರಿ (ಅದೇ ನೀರಿನ ಎರಡನೇ ಬಾಟಲಿ), ಒಂದು ಖಾಲಿ ಮಾದರಿ (ಬರೀ ಬಟ್ಟಿ ಇಳಿಸಿದ ನೀರು) ಇರಲೇಬೇಕು. ಕೋಲಿಫಾರ್ಮ್‌ಗೆ (ಮಲದ ಕೊಳೆ ಸೇರಿದೆ ಎಂದು ಸೂಚಿಸುವ ಬ್ಯಾಕ್ಟೀರಿಯಾ) ಕ್ರಿಮಿಶುದ್ಧ ಬಾಟಲಿ, ಐಸ್, ಆರು ಗಂಟೆಯೊಳಗೆ ಪರೀಕ್ಷೆ. ಟಿಪ್ಪಣಿ ಪುಸ್ತಕಕ್ಕೆ ಪೆನ್ನಲ್ಲ, ಪೆನ್ಸಿಲ್: ನೀರು ಬಿದ್ದರೆ ಪೆನ್ನಿನ ಅಕ್ಷರ ಕದಡುತ್ತದೆ.

ಜೀವಿಗಳ ಪಟ್ಟಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರದವರಿಗೆ ಬಿಡಿ, ಒಂದು ಮಾತು ಮಾತ್ರ: ತಳದ ಹೂಳನ್ನು ಜಾಲರಿಯಲ್ಲಿ ಸೋಸಿ ನೋಡುವುದನ್ನು ಮರೆಯಬೇಡಿ. ಆಮ್ಲಜನಕ ತೀರಾ ಕಡಿಮೆಯಿದ್ದರೂ ಬದುಕುವ ಕೆಂಪು ಕೈರೊನೊಮಿಡ್ ಹುಳು, ಟ್ಯೂಬಿಫೆಕ್ಸ್ ಹುಳು ಬಿಟ್ಟು ಬೇರೇನೂ ಇಲ್ಲದಿದ್ದರೆ ಆ ಜಾಗ ತಿಂಗಳುಗಳಿಂದ ಉಸಿರುಗಟ್ಟಿದೆ. ನಿಮ್ಮ ಬಾಟಲಿ ಆ ಕ್ಷಣದ ನೀರನ್ನು ಹೇಳುತ್ತದೆ, ಹುಳುಗಳು ಇಡೀ ಋತುವನ್ನು ಹೇಳುತ್ತವೆ. ಹಕ್ಕಿ ಲೆಕ್ಕಕ್ಕೆ ಜನವರಿಯ ಏಷ್ಯನ್ ಜಲಪಕ್ಷಿ ಗಣತಿಯೊಂದಿಗೆ ಸೇರಿಕೊಳ್ಳಿ.

ಬಂದ ಅಂಕಿಗಳನ್ನು ಯಾವುದಕ್ಕೆ ಹೋಲಿಸಬೇಕೆಂದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ದರ್ಜೆಗಳಿವೆ. ಮೀನು, ವನ್ಯಜೀವಿಗೆ ‘ಡಿ’ ದರ್ಜೆ: ಪಿಎಚ್ 6.5ರಿಂದ 8.5, ಆಮ್ಲಜನಕ 4 ಮಿ.ಗ್ರಾಂ ಅಥವಾ ಹೆಚ್ಚು, ಮುಕ್ತ ಅಮೋನಿಯಾ 1.2 ಮಿ.ಗ್ರಾಂ ಮೀರಬಾರದು. ಕೊನೆಯದು ತೀರಾ ಉದಾರವಾದ ಮಿತಿ, ಮೀನು ಅದಕ್ಕಿಂತ ಬಹಳ ಮೊದಲೇ ಸೊರಗುತ್ತದೆ. ಸ್ನಾನಕ್ಕೆ ‘ಬಿ’ ದರ್ಜೆಯಲ್ಲಿ ಆಮ್ಲಜನಕ ಕನಿಷ್ಠ 5, ಬಿಒಡಿ ಗರಿಷ್ಠ 3, ಕೋಲಿಫಾರ್ಮ್ 100 ಮಿ.ಲೀ.ಗೆ ಗರಿಷ್ಠ 500. ಕುಡಿಯುವ ನೀರಿನ ಮಾನದಂಡ ಹಿಡಿದು ಕೆರೆಯನ್ನು ಫೇಲ್ ಮಾಡುವ ಪ್ರಬಂಧಗಳು ಬೇಕಾದಷ್ಟಿವೆ. ಕೆರೆಯ ನೀರನ್ನು ಲೋಟಕ್ಕೆ ಹಾಕಿ ಕುಡಿಯುವವರು ಯಾರು?

ಇನ್ನು ಕಾಪಾಡುವ ಕೆಲಸ. ಮೋರಿಯ ಕೊಳಚೆಯನ್ನು ಒಳಚರಂಡಿಗೆ ತಿರುಗಿಸುವುದೇ ಮೊದಲ ಮತ್ತು ಮುಖ್ಯ ಕೆಲಸ. ಪೂರ್ತಿ ತಿರುಗಿಸಿಬಿಟ್ಟರೆ ಕೆರೆ ಒಣಗುತ್ತದೆ ಎಂಬ ಭಯವಿದ್ದರೆ ಸಂಸ್ಕರಿಸಿ ಬಿಡಬೇಕು. ಮೇಲಿನ ಲೆಕ್ಕದ 3.8 ಲಕ್ಷ ಲೀಟರ್ ಎಂದರೆ ತಲೆಗೆ ನೂರು ಲೀಟರಿನಂತೆ ಸುಮಾರು 3,800 ಜನರ ನೀರು. ಜೊಂಡು ಬೆಳೆಸಿದ ಕೃತಕ ಜೌಗಿಗೆ ತಲೆಗೆ 2–3 ಚದರ ಮೀಟರ್ ಬೇಕೆಂದರೆ ಎರಡರಿಂದ ಮೂರು ಎಕರೆ, ಅದರ ಮುಂದೆ ಗಸಿ ಇಳಿಯುವ ಹೊಂಡ ಬೇರೆ. ವರ್ಷಕ್ಕೊಮ್ಮೆ ಜೊಂಡು ಕೊಯ್ದು ಹೊರಗೆ ಸಾಗಿಸದಿದ್ದರೆ ಅದು ಹೀರಿದ ರಂಜಕ ಕೊಳೆತು ಮತ್ತೆ ನೀರಿಗೇ ಬರುತ್ತದೆ. ಈ ಕೊಯ್ಲಿಗೆ ಆಯವ್ಯಯದಲ್ಲಿ ಹಣವಿಡುವುದನ್ನು ಮರೆತಿರುವುದೇ ಇಂಥ ಎಷ್ಟೋ ಜೌಗುಗಳು ಕೆಟ್ಟದ್ದಕ್ಕೆ ಕಾರಣ.

ಮೋರಿ ನಿಲ್ಲಿಸದೆ ಕೆರೆಯೊಳಗೆ ಮಾಡುವುದೆಲ್ಲ ತೂತು ಮಡಕೆಗೆ ನೀರು ತುಂಬಿದಂತೆ. ಬ್ಯಾಕ್ಟೀರಿಯಾ ಪುಡಿ, ಕಾರಂಜಿ, ತೇಲುವ ತೋಟ ಎಂದು ಮಾರಲು ಬರುವವರಿಗೆ, ದಿನಕ್ಕೆ 1.9 ಕಿಲೋ ರಂಜಕವನ್ನು ನಿಮ್ಮ ಸಾಮಾನು ಎಲ್ಲಿಗೆ ಕಳಿಸುತ್ತದೆ ಎಂದು ಕೇಳಿ. ಕಳೆ ತಿನ್ನಲೆಂದು ಹುಲ್ಲುಗೆಂಡೆ ಬಿಡುವುದೂ ಅಷ್ಟೆ. ಜಲಸಸ್ಯ ಹೋಗುತ್ತದೆ, ಅದರಲ್ಲಿದ್ದ ಪೋಷಕಾಂಶ ಪಾಚಿಗೆ ಸಿಕ್ಕಿ ನೀರು ಇನ್ನೂ ಹಸಿರಾಗುತ್ತದೆ. ಸಾಮಾನ್ಯ ಗೆಂಡೆ ತಳ ಕೆದಕಿ ಹೂಳೆಬ್ಬಿಸುತ್ತದೆ. ಮೀನು ಸತ್ತ ದಿನ ಮಾತ್ರ ಏರೇಟರ್ ಕೆಲಸಕ್ಕೆ ಬರುತ್ತದೆ. ಅದು ನೂರು ಎಕರೆಯನ್ನು ಉಳಿಸದು, ಮೀನಿಗೆ ಒಂದು ಮೂಲೆಯಲ್ಲಿ ಆಸರೆ ಕೊಡುತ್ತದೆ. ಸತ್ತವನ್ನು ಅಂದೇ ತೆಗೆಸಿ, ಕೆರೆ ಅಂಗಳದಿಂದ ದೂರ ಸುಣ್ಣ ಹಾಕಿ ಹೂಳಿಸಿ. ಕೊಳೆತರೆ ಅವೂ ಆಮ್ಲಜನಕ ತಿನ್ನುತ್ತವೆ.

ಹೂಳು ತೆಗೆಯುವ ಮೊದಲು ಹಗ್ಗ-ಗುಂಡು ಕಟ್ಟಿಯೋ ಪ್ರತಿಧ್ವನಿ ಯಂತ್ರದಿಂದಲೋ ಆಳದ ನಕ್ಷೆ ಮಾಡಿಕೊಳ್ಳಿ. ಇಡೀ ಕೆರೆಯನ್ನು ಬಾಣಲೆಯಂತೆ ಅಗೆದು ಸುತ್ತ ನಡೆದಾಡುವ ಹಾದಿ ಕಟ್ಟಿದರೆ ಇಳಿಜಾರಾದ ದಡ ಹೋಗುತ್ತದೆ. ಗೊರವ, ಕೊಕ್ಕರೆ, ಟಿಟ್ಟಿಭಗಳಿಗೆ ಬೇಕಿರುವುದು ಗೇಣುದ್ದ ನೀರಿನ ಆ ದಡ. ಮೋರಿ ನಿಂತ ಮೇಲೂ ಹೂಳಿನಿಂದ ರಂಜಕ ಬಿಡುಗಡೆಯಾಗುತ್ತಲೇ ಇರುತ್ತದೆ, ನೀರು ತಿಳಿಯಾಗಲು ಹತ್ತು ವರ್ಷ ಹಿಡಿಯುವುದೂ ಉಂಟು. ಎರಡು ವರ್ಷದ ಪ್ರಾಜೆಕ್ಟ್ ಮುಗಿಸಿ ಅಳತೆ ನಿಲ್ಲಿಸಿದರೆ ಆ ಬದಲಾವಣೆ ಕಾಣುವುದೇ ಇಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ತನ್ನ ಸರೋವರಗಳ ದೀರ್ಘಾವಧಿ ಅಧ್ಯಯನವನ್ನು 1981ರಿಂದ ನಡೆಸುತ್ತಿರುವಂತೆ, ಅಧ್ಯಾಪಕರು ನಿವೃತ್ತರಾದರೂ ನಿಲ್ಲದ ವ್ಯವಸ್ಥೆ ಬೇಕು. ಹಾಗಾಗಿ ಅಳತೆಯನ್ನು ಪಿಎಚ್‌ಡಿ ವಿದ್ಯಾರ್ಥಿಯ ತಲೆಗೆ ಕಟ್ಟದೆ, ಎಂ.ಎಸ್ಸಿ. ಪ್ರಾಯೋಗಿಕ ತರಗತಿಯ ಭಾಗ ಮಾಡಿ, ಪರಿಶೀಲಿಸಲು ಒಬ್ಬ ಕಾಯಂ ತಾಂತ್ರಿಕ ಸಿಬ್ಬಂದಿ ಇಡಿ.

ವಿಶ್ವವಿದ್ಯಾಲಯ ತನ್ನ ಮನೆಯನ್ನೂ ನೋಡಿಕೊಳ್ಳಬೇಕು. ಸಿಒಡಿ ಪರೀಕ್ಷೆಯ (ನೀರಿನ ಕೊಳೆಯನ್ನು ರಾಸಾಯನಿಕದಿಂದ ಕರಗಿಸಲು ಬೇಕಾಗುವ ಆಮ್ಲಜನಕ ಅಳೆಯುವುದು) ತ್ಯಾಜ್ಯದಲ್ಲಿ ಪಾದರಸ, ಬೆಳ್ಳಿ, ಕ್ರೋಮಿಯಂ ಮೂರೂ ಇರುತ್ತವೆ. ಕೆರೆಯ ಮಾಲಿನ್ಯ ಅಳೆದು ಆ ದ್ರವವನ್ನು ಸಿಂಕಿಗೆ ಚೆಲ್ಲಿದರೆ ಮಾಲಿನ್ಯಕ್ಕೆ ನಾವೂ ಒಂದು ಪಾಲು ಕೊಟ್ಟಂತೆ. ಬೇರೆ ಕ್ಯಾನಿನಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯವಾಗಿ ಕಳಿಸಿ. ಆವರಣದ ಕೊಳವೆಬಾವಿಗಳ ನೀರಿನ ಮಟ್ಟವನ್ನೂ ತಿಂಗಳಿಗೊಮ್ಮೆ, ಪಂಪ್ ಓಡಿಸುವ ಮೊದಲು, ಅಳೆದು ಕೆರೆಯ ಮಟ್ಟದ ಪಕ್ಕ ಬರೆಯಿರಿ.

ಕಾಗದದ ಕೆಲಸದಲ್ಲಿ ಗ್ರಾಮ ನಕ್ಷೆ ತೆಗೆಸಿ, ದಿಶಾಂಕ್ ಆ್ಯಪ್‌ನಲ್ಲಿ ರಾಜಕಾಲುವೆಯ ಸರ್ವೆ ನಂಬರ್ ನೋಡಿ, ಭೂಮಾಪಕರಿಂದ ಹದ್ದುಬಸ್ತು ಮಾಡಿಸಿ. 2017ರ ಜೌಗುಪ್ರದೇಶ ನಿಯಮಗಳು ನೀರಾವರಿಗೋ ಕುಡಿಯುವ ನೀರಿಗೋ ಕಟ್ಟಿದ ಕೆರೆಗಳನ್ನು ಹೊರಗಿಡುತ್ತವೆ, ಆದ್ದರಿಂದ ಅದೊಂದನ್ನೇ ನಂಬಿ ಕೂರಬೇಡಿ. ಹೊರಗಿನವರು ಕೊಳಚೆ ಬಿಡುತ್ತಿದ್ದರೆ ನಿಮ್ಮ ಪ್ರಯೋಗಾಲಯದ ಅಂಕಿ ದೂರಿಗೆ ಆಧಾರ, ನ್ಯಾಯಾಲಯಕ್ಕೆ ಸಾಲದು. 1974ರ ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ನೋಟಿಸು ಕೊಟ್ಟು, ಮಾದರಿ ತೆಗೆದು, ಮೊಹರು ಮಾಡಬೇಕು. ಹಾಗಾಗಿ ದೂರಿನಲ್ಲಿ ‘ಕೆರೆ ಮಲಿನವಾಗಿದೆ’ ಎಂದಷ್ಟೇ ಬರೆಯಬೇಡಿ. ಯಾವ ಮೋರಿ, ಅದರ ಅಕ್ಷಾಂಶ-ರೇಖಾಂಶ, ಸೆಕೆಂಡಿಗೆ ಎಷ್ಟು ಲೀಟರ್, ಯಾವ ಗಂಟೆಯಲ್ಲಿ ಅತಿ ಹೆಚ್ಚು, ಇಷ್ಟನ್ನು ನಮೂದಿಸಿ, ಅದೇ ಗಂಟೆಗೆ ಬರಲು ಅವರನ್ನು ಕೋರಿ. ಮಧ್ಯಾಹ್ನ ಮೂರಕ್ಕೆ ಬಂದವರಿಗೆ ಆ ಮೋರಿ ಒಣಗಿಯೇ ಕಂಡೀತು.